ಏನನ್ನೂ ಅಳೆಯದ ಆ ಬೇಸಿಗೆ

ಹೋದ ತಿಂಗಳು ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಹೊಸ ತಕ್ಕಡಿಯೊಂದು ಬಂತು. ಅಟೆಂಡರ್ ಮರದ ಪೆಟ್ಟಿಗೆಯ ಮುಚ್ಚಳವನ್ನು ಮೀಟಿ ತೆಗೆದಾಗ ಪೈನ್ ಹಲಗೆಯ ವಾಸನೆ, ಪ್ಯಾಕಿಂಗ್ ಫೋಮಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಪಕ್ಕದಲ್ಲಿ ನಿಂತಿದ್ದ ಸಹೋದ್ಯೋಗಿ, ಹೊಸ ಸಾಮಾನಿನ ವಾಸನೆಯೇ ಒಂದು ಚಂದ ಎಂದರು. ನಾನು ವರಾಂಡಕ್ಕೆ ಬಂದು ಕಂಬ ಹಿಡಿದು ನಿಂತೆ. ಆ ವಾಸನೆಗೆ ಹಳೆಯ ಸಿಟ್ಟೆಲ್ಲ ಮತ್ತೆ ಏರಿಬಂದಿತ್ತು. ಮಸ್ಕತ್ತಿನಿಂದ ವಾಪಸು ಬಂದು ವರ್ಷಗಳಾದವು. ಕಾಲ ಕಳೆದ ಹಾಗೆ ಎಲ್ಲ ತಣಿಯುತ್ತದೆ ಎಂದು ಹೇಳಿದವರೆಲ್ಲ ಸುಳ್ಳು ಹೇಳಿದ್ದರು.

ನನ್ನ ಪಿಎಚ್‌ಡಿ ಲೇಪಗಳ ಮೇಲೆ. ಪಂಪು, ವಾಲ್ವುಗಳ ಲೋಹ ಉಪ್ಪುನೀರಿಗೂ ಬಿಸಿಗೂ ಸವೆಯದಂತೆ ಮೇಲೊಂದು ಪಿಂಗಾಣಿಯಂಥ ತೆಳುಪದರ ಕೊಡುತ್ತಾರೆ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಆ ಪದರ ಎಷ್ಟು ಗಟ್ಟಿ ಎಂದು ಅಳೆಯುವುದು ನನ್ನ ಕೆಲಸ. ವಜ್ರದ ಮೊನೆಯೊಂದನ್ನು ಅದರ ಮೈಗೆ ಮೆಲ್ಲಗೆ ಒತ್ತಿ, ಎಷ್ಟು ಒತ್ತಿದರೆ ಎಷ್ಟು ತಗ್ಗಿತು ಎಂದು ನೋಡುವ ಯಂತ್ರವಿದೆ. ಹೇಳಲು ಸುಲಭ. ಆದರೆ ಒಂದೇ ಲೇಪವನ್ನು ಎರಡು ಊರಿನಲ್ಲಿ ಅಳೆದರೆ ಎರಡು ಉತ್ತರ ಬರುತ್ತದೆ. ಯಾವುದನ್ನು ನಂಬಬೇಕು, ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಈಗಲೂ ಅದೇ ಪ್ರಶ್ನೆ.

ಪಿಎಚ್‌ಡಿ ಮುಗಿಸಿದವರು ಕಾಯಂ ಕೆಲಸ ಸಿಗುವ ಮೊದಲು ಬೇರೊಬ್ಬರ ಪ್ರಯೋಗಾಲಯದಲ್ಲಿ ಒಂದೆರಡು ವರ್ಷ ಸಂಶೋಧನೆ ಮಾಡುವುದಕ್ಕೆ ಪೋಸ್ಟ್‌ಡಾಕ್ ಎನ್ನುತ್ತಾರೆ. ಪದವಿ ಬಂದು ಇಂತಿಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಷರತ್ತು ಹೆಚ್ಚಿನ ಕಡೆ ಇದೆ. ಮಗಳು ನಿಧಿ ಹುಟ್ಟಿದ ಮೇಲೆ ನಾನು ಮೂಡಬಿದಿರೆಯ ಮನೆಯಲ್ಲಿ ಕೂತ ಕಾಲವನ್ನು ಆ ಷರತ್ತು ಮಾಫಿ ಮಾಡಲಿಲ್ಲ. ಆ ವರ್ಷ ದಾಟಿದರೆ ನನ್ನ ಬಾಗಿಲು ಮುಚ್ಚುತ್ತಿತ್ತು. ಅದೃಷ್ಟಕ್ಕೆ ಎರಡು ಕಡೆಯಿಂದ ಕರೆ ಬಂತು. ಒಂದು ಯುರೋಪಿನ ಮಾಪನ ಪ್ರಯೋಗಾಲಯ, ಇನ್ನೊಂದು ಮಸ್ಕತ್ತಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಒಂದು ಸಂಶೋಧನಾ ಕೇಂದ್ರ.

ಮಸ್ಕತ್ತಿನ ಕೇಂದ್ರದ ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿದ್ದವರು ಡಾ. ನಾಗಭೂಷಣ್. ಮೈಸೂರಿನವರು, ಗಲ್ಫಿನಲ್ಲಿ ಬಹುಕಾಲದಿಂದ ಇದ್ದವರು. ಇಂಗ್ಲಿಷಿನ ಸಂದರ್ಶನ ಮುಗಿದ ಮರುದಿನ ಅವರೇ ಫೋನು ಮಾಡಿದರು. ಕನ್ನಡದಲ್ಲಿ ಮಾತಾಡಿದರು. ಅವರ ಕನ್ನಡ ಎಷ್ಟು ಇಂಪಾಗಿತ್ತೆಂದರೆ ನಾನು ಅರ್ಧ ಸೋತದ್ದು ಅಲ್ಲಿಯೇ.

"ನಮ್ಮೋರೊಬ್ರು ಬಂದ್ರೆ ನಂಗೂ ಒಂದು ಧೈರ್ಯ ಅಮ್ಮ," ಎಂದರು. "ಮಷಿನ್ ಬಂದಾಯ್ತು. ನೀವು ಬಂದಿಳಿದ ದಿನವೇ ಕೆಲಸ ಶುರು ಮಾಡ್ಬಹುದು. ಆ ಚಳಿ ದೇಶಕ್ಕೆ ಹೋದ್ರೆ ಮಗು ಮುಖ ವರ್ಷಕ್ಕೊಂದ್ಸಲ ನೋಡ್ತೀರಿ. ಇಲ್ಲಿಂದ ಮಂಗ್ಳೂರಿಗೆ ಒಂದು ನಿದ್ದೆ ತೆಗೆಯೋಷ್ಟರಲ್ಲಿ ಹೋಗಿ ಇಳೀಬಹುದು."

ನನ್ನ ಗಂಡ ಮಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಎಲ್ಲಿಗೆ ಹೋದರೂ ನಾನು ಮಗುವನ್ನು ನೋಡಿಕೊಳ್ಳುತ್ತೇನೆ, ನಿನಗೆ ಯಾವುದು ಸರಿಯೋ ಅದನ್ನು ಹಿಡಿ ಎಂದಿದ್ದರು. ನಾನು ಯುರೋಪಿನವರಿಗೆ ಬರುವುದಿಲ್ಲವೆಂದು ಬರೆದೆ. ಅವರು ಬೇಸರವಾಯಿತೆಂದೂ ಒಳ್ಳೆಯದಾಗಲೆಂದೂ ಎರಡೇ ಸಾಲಿನಲ್ಲಿ ಉತ್ತರಿಸಿದರು.

ಎಪ್ರಿಲ್‌ನಲ್ಲಿ ಹೋಗಿ ಇಳಿದೆ. ಉಳಿದುಕೊಂಡದ್ದು ನಗರದ ವಾದಿ ಅದಾಯ್ ಬಡಾವಣೆಯಲ್ಲಿ, ಅಮ್ಮನ ಕಡೆಯಿಂದ ದೂರದ ಸಂಬಂಧಿಯಾದ ವಸಂತಿ ಅಕ್ಕನ ಮನೆಯ ಒಂದು ಕೋಣೆಯಲ್ಲಿ. ಅಕ್ಕನ ಗಂಡ ಉಮೇಶಣ್ಣ ಅದೇ ಬೀದಿಯ ವಾಹನ ಬಿಡಿಭಾಗಗಳ ಅಂಗಡಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಕಾರ್ಕಳದವರು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಹಿಂದಿ, ಗಿರಾಕಿ ಸ್ಥಳೀಯನಾದರೆ ಅರಬ್ಬಿ. ಅವರ ಮಗ ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ. ಕಿಟಕಿ ತೆರೆದರೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ. ಕೆಳಗೆ ವರ್ಕ್‌ಶಾಪುಗಳು, ಟೈರಿನ ಅಂಗಡಿಗಳು, ಸೋಫಾ ಶೋರೂಮುಗಳು.

ಕೇಂದ್ರದಲ್ಲಿ ನಮ್ಮ ಪ್ರಯೋಗಾಲಯ ನೋಡಿ ಕಣ್ಣು ತುಂಬಿತು. ಕನ್ನಡಿಯಂಥ ನೆಲ. ಅಲುಗಾಡದಂತೆ ಕೂರಿಸಿದ ದಪ್ಪ ಕಪ್ಪುಕಲ್ಲಿನ ಮೇಜು. ಮೇಜಿನ ಮೇಲೆ ಮಾತ್ರ ಏನೂ ಇರಲಿಲ್ಲ. ಮಷಿನ್ ಎಲ್ಲಿ ಎಂದು ಕೇಳಿದೆ. ನಾಗಭೂಷಣ್ ಸರ್ ನಗುತ್ತ ಬನ್ನಿ ತೋರಿಸುತ್ತೇನೆ ಎಂದು ಕಾರಿಗೆ ಹತ್ತಿಸಿದರು. ಕಾರು ಬಂದು ನಿಂತದ್ದು ನನ್ನ ವಾದಿ ಅದಾಯ್‌ನಲ್ಲೇ, ವಸಂತಿ ಅಕ್ಕನ ಮನೆಯ ಹಿಂದಿನ ಬೀದಿಯ ಒಂದು ಬಾಡಿಗೆ ಗೋದಾಮಿನ ಮುಂದೆ. ಮೇಲೆ ತಗಡಿನ ಮಾಡು. ಒಳಗೆ ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ನಡುವೆ ನನ್ನ ಎದೆಯೆತ್ತರದ ಮರದ ಪೆಟ್ಟಿಗೆ. ಪೈನ್ ಹಲಗೆಯ ವಾಸನೆ ಘಮ್ಮೆನ್ನುತ್ತಿತ್ತು. ಸರ್ ಕರುವಿನ ಬೆನ್ನು ತಟ್ಟಿದ ಹಾಗೆ ಪೆಟ್ಟಿಗೆಯನ್ನು ತಟ್ಟಿದರು. ಮುಖ್ಯ ಅತಿಥಿಯೊಬ್ಬರ ಕೈಯಲ್ಲಿ ಉದ್ಘಾಟನೆ ಆಗಬೇಕಿದೆಯಂತೆ, ಆವರೆಗೆ ಬಿಚ್ಚುವ ಹಾಗಿಲ್ಲವಂತೆ. ಯಾರಿಗೂ ಹೇಳಬೇಡಿ, ಎಲ್ಲರಿಗೂ ಸರ್‌ಪ್ರೈಸ್ ಆಗಿರಲಿ ಎಂದರು. ಇನ್ನೇನು ಕೆಲವೇ ವಾರ.

ಪೆಟ್ಟಿಗೆಯ ಒಂದು ಮಗ್ಗುಲಿಗೆ ಕಂಪನಿಯವರು ಅಂಟಿಸಿದ ಚೀಟಿಯಿತ್ತು. ಅದರ ನಡುವೆ ಬಿಳಿ ಚುಕ್ಕಿ. ತಡೆಯಬಲ್ಲದಕ್ಕಿಂತ ಹೆಚ್ಚು ಬಿಸಿ ತಾಗಿದರೆ ಆ ಚುಕ್ಕಿ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಆ ದಿನ ಅದು ಬಿಳಿಯಾಗಿತ್ತು.

ಮೇ ತಿಂಗಳು ಬಂತು. ಬೇಸಿಗೆ ಎಂದರೇನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ, ಕರಾವಳಿಯವಳಲ್ಲವೇ. ಅಲ್ಲಿ ಬೆಳಿಗ್ಗೆ ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಕನ್ನಡಕದ ಗಾಜು ಪೂರ್ತಿ ಮಂಜಾಗಿ ಮೆಟ್ಟಿಲು ಕಾಣುತ್ತಿರಲಿಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೆ ಮಾಡಿನ ಟ್ಯಾಂಕಿನಿಂದ ಕುದಿನೀರು. ವಸಂತಿ ಅಕ್ಕ ಗೀಸರಿನ ಸ್ವಿಚ್ಚು ಆಫ್ ಮಾಡಿ, ಮನೆಯೊಳಗೆ ತಂಪಾಗಿ ನಿಂತ ಅದರ ನೀರನ್ನೇ ಸ್ನಾನಕ್ಕೆ ಕೊಡುತ್ತಿದ್ದರು. ಸಂಜೆ ಸೂರ್ಯ ಇಳಿದ ಮೇಲೂ ಎದುರಿನ ಬೆಟ್ಟ ಕಾದ ಕಾವಲಿಯ ಹಾಗೆ ಶಾಖ ಬಿಡುತ್ತಿತ್ತು. ಅಂಥ ಒಂದು ಸಂಜೆ ಗೋದಾಮಿನ ವಾಚ್‌ಮನ್‌ನ ಪರಿಚಯವಿದ್ದ ಉಮೇಶಣ್ಣನನ್ನು ಕರೆದುಕೊಂಡು ಹೋಗಿ ಪೆಟ್ಟಿಗೆ ನೋಡಿದೆ. ತಗಡಿನ ಕೆಳಗೆ ಉಸಿರು ಕಟ್ಟುತ್ತಿತ್ತು. ಚುಕ್ಕಿ ಕಪ್ಪಾಗಿತ್ತು.

ಉಮೇಶಣ್ಣ ಬಗ್ಗಿ ನೋಡಿ, ತಮ್ಮ ಅಂಗಡಿಯಲ್ಲಿ ರಬ್ಬರು ಮತ್ತು ಬಣ್ಣದ ಡಬ್ಬಿಗಳನ್ನಿಡುವ ಏಸಿ ಕೋಣೆಯಿದೆ, ಅರ್ಧ ಖಾಲಿಯೇ ಇದೆ, ಮಾಲೀಕರನ್ನು ಕೇಳುತ್ತೇನೆ ಎಂದರು. ಮರುದಿನವೇ ಕೇಳಿದರು. ಮಾಲೀಕರು ಒಪ್ಪಿದರು. ಬಾಡಿಗೆಯೂ ಬೇಡವಂತೆ, ಎತ್ತಿ ಇಡಲು ಫೋರ್ಕ್‌ಲಿಫ್ಟ್ ಕೂಡ ಅವರದ್ದೇ ಕೊಡುತ್ತಾರಂತೆ. ನಾನು ಹಿಗ್ಗಿ ಹೋದೆ. ಬಸ್ಸಿನಲ್ಲಿ ಕೂತು ನಾಗಭೂಷಣ್ ಸರ್‌ಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಂಡೆ.

ನಾನು ಹೇಳುತ್ತಿದ್ದ ಹಾಗೆ ಅವರ ಮುಖದ ಬಣ್ಣ ಬದಲಾಯಿತು. ಕಪ್ಪು ಚುಕ್ಕಿಯ ವಿಷಯ ಅವರ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ಯಾರ್ಯಾರಿಗೆ ಹೇಳಿದ್ದೀರಿ?" ಎಂದು ಕೇಳಿದರು.

"ನಾನು ಉಳಿದುಕೊಂಡಿರುವ ಮನೆಯವರಿಗೆ ಮಾತ್ರ ಸರ್. ಅವರ ಸ್ಟೋರಿನಲ್ಲಿ ಇಡ್ಲಿಕ್ಕೆ ಜಾಗ ಉಂಟು. ಬಿಸಿಗೆ ಅದು ಒಳಗಿಂದ ಹಾಳಾಗ್ತದೆ."

"ಸ್ಟಿಕ್ಕರ್ ನೋಡ್ಕೊಂಡು ಹೆದರ್ಕೋಬೇಡಿ. ಕಂಪ್ನಿಯೋರು ಅದನ್ನ ಹೆದರ್ಸೋಕೇ ಅಂಟ್ಸಿರ್ತಾರೆ. ಆ ಗೋಡೌನ್ ಕಡೆ ಇನ್ನು ಹೋಗ್ಬೇಡಿ. ಖಲಾಸ್."

ಆ 'ಖಲಾಸ್' ಎಂಬ ಮಾತನ್ನು ಅವರು ಕಾರಿನ ಡ್ರೈವರಿಗೆ, ಚಹಾ ತರುವವನಿಗೆ ಹೇಳುವುದನ್ನು ಕೇಳಿದ್ದೆ. ನನಗೆ ಹೇಳಿದ್ದು ಅದೇ ಮೊದಲು.

ಅತಿಥಿ ವಿದೇಶ ಪ್ರವಾಸದಲ್ಲಿದ್ದಾರೆ ಎಂದು ಉದ್ಘಾಟನೆ ಮುಂದೆ ಹೋಯಿತು. ಆಮೇಲೆ ಈದ್. ಆಮೇಲೆ ಈ ಸೆಕೆಯಲ್ಲಿ ಯಾರೂ ಬರುವುದಿಲ್ಲ, ಚಳಿಗಾಲ ಶುರುವಾಗಲಿ ಎಂದರು. ಅಷ್ಟರಲ್ಲಿ ನಾನು ಮಾಡಿದ ಸಂಶೋಧನೆ ಎಂದರೆ ಬ್ರೋಷರಿಗೆ ಫೋಟೋ ಆರಿಸಿದ್ದು, ಸರ್ ಭಾಷಣಕ್ಕೆ ಸ್ಲೈಡು ಮಾಡಿಕೊಟ್ಟದ್ದು, ಬಂದ ಅತಿಥಿಗಳನ್ನು ಖಾಲಿ ಮೇಜಿನ ಸುತ್ತ ತಿರುಗಿಸಿ ಇಲ್ಲಿ ಯಂತ್ರ ಬರುತ್ತದೆ ಎಂದು ವಿವರಿಸಿದ್ದು. ದೇವರಿಲ್ಲದ ಗುಡಿಗೆ ಅರ್ಚಕಳಾದ ಹಾಗೆ. ಊರಿನಿಂದ ನಾನು ಒಯ್ದಿದ್ದ ಲೇಪದ ಮಾದರಿಗಳು, ನಾನೇ ಕೈಯಾರೆ ತಯಾರಿಸಿದ ತುಂಡುಗಳು, ಡ್ರಾಯರಿನಲ್ಲಿ ಮಲಗಿದ್ದವು. ಸಂಜೆ ವಿಡಿಯೋ ಕಾಲಿನಲ್ಲಿ ನಿಧಿ ಬರುತ್ತಿದ್ದಳು. ಅಮ್ಮ ಒಂದು ದೊಡ್ಡ ಮಷಿನಿನ ಹತ್ತಿರ ಹೋಗಿದ್ದಾಳೆ ಎಂದು ಅವಳಿಗೆ ಹೇಳಿದ್ದೆವು. ಮಷಿನ್ ತೋರಿಸು ಎನ್ನುತ್ತಿದ್ದಳು. ಇವತ್ತು ಅದಕ್ಕೆ ರಜೆ ಎನ್ನುತ್ತಿದ್ದೆ. ನನ್ನ ಮಗಳಿಗೆ ನಾನು ಸುಳ್ಳು ಹೇಳುವ ಹಾಗೆ ಮಾಡಿದ್ದನ್ನಂತೂ ಆ ಮನುಷ್ಯನಿಗೆ ನಾನು ಯಾವತ್ತೂ ಮಾಫಿ ಮಾಡುವುದಿಲ್ಲ.

ನಮ್ಮ ವಿಭಾಗದಲ್ಲಿ ನನ್ನ ಜೊತೆಗಿದ್ದವಳು ಜಹ್ರಾ. ಕರಾವಳಿಯ ಸೂರ್ ಊರಿನವಳು, ಹೊರದೇಶದಲ್ಲಿ ಲೋಹಶಾಸ್ತ್ರ ಓದಿ ಬಂದು ಕೇಂದ್ರದಲ್ಲಿ ಕಾಯಂ ಹುದ್ದೆಯಲ್ಲಿದ್ದವಳು. ಮಾತು ಕಮ್ಮಿ. ನಾನು ನಾಗಭೂಷಣ್ ಕಡೆಯವಳೆಂದು ಮೊದಲಿಗೆ ದೂರವೇ ಇದ್ದಳು. ನನ್ನ ಮಾದರಿಗಳನ್ನು ಒಂದು ದಿನ ಭೂತಗನ್ನಡಿಯಲ್ಲಿ ನೋಡಿದ ಮೇಲೆ ಹತ್ತಿರವಾದಳು. ಇಂಥ ಲೇಪ ಬೇಕಾದದ್ದು ತಮ್ಮ ಊರಿನವರಿಗೇ, ಅಲ್ಲಿನ ಅನಿಲ ಸ್ಥಾವರದಲ್ಲಿ ಸೋದರಮಾವ ವಾಲ್ವುಗಳ ದುರಸ್ತಿ ನೋಡಿಕೊಳ್ಳುತ್ತಾರೆ, ಸಮುದ್ರದ ಗಾಳಿ ಯಾವುದನ್ನೂ ಬಾಳಲು ಬಿಡುವುದಿಲ್ಲ ಎಂದಳು. ಜುಲೈಯ ಒಂದು ಶುಕ್ರವಾರ ತನ್ನ ಕಾರಿನಲ್ಲಿ ನನ್ನನ್ನು ಸೂರ್‌ಗೆ ಕರೆದುಕೊಂಡು ಹೋದಳು.

ಅವಳ ತಾಯಿ ಅನ್ನದ ಮೇಲೆ ಹುರಿದ ಅಂಜಲ್ ಮೀನಿಟ್ಟು, ತಿನ್ನು ತಿನ್ನು ಎಂದು ಸನ್ನೆಯಲ್ಲೇ ಒತ್ತಾಯ ಮಾಡಿದರು. ಊಟದ ನಂತರ ಇಬ್ಬರೂ ಸಮುದ್ರದಂಡೆಗೆ ಬಂದೆವು. ಅರ್ಧ ಕಟ್ಟಿದ ಮರದ ಹಡಗೊಂದು ಪಕ್ಕೆಲುಬು ತೋರಿಸಿಕೊಂಡು ನಿಂತಿತ್ತು. ಮಸ್ಕತ್ತಿಗಿಂತ ಗಾಳಿ ಸ್ವಲ್ಪ ಬೀಸುತ್ತಿತ್ತು. ಜಹ್ರಾ ಬೇಸರದಿಂದ, ಯಂತ್ರ ಇನ್ನೂ ತಯಾರಕರ ಊರಿನಿಂದ ಹೊರಟಿಲ್ಲ, ಹೋದ ವಾರ ಕಾಯಂ ಸಿಬ್ಬಂದಿಯ ಸಭೆಯಲ್ಲೂ ನಾಗಭೂಷಣ್ ಅದನ್ನೇ ಹೇಳಿದರು, ಈ ವರ್ಷ ಹೀಗೆಯೇ ಹೋಯಿತು ಎಂದಳು.

ಎಲ್ಲಿಂದ ಹೊರಟಿಲ್ಲ ಎಂದು ಮತ್ತೆ ಕೇಳಿದೆ. ಅವಳು ಮತ್ತೆ ಹೇಳಿದಳು. ಆಗ ನಾನು ಯಂತ್ರ ಎಪ್ರಿಲಿಗೂ ಮೊದಲಿನಿಂದ ವಾದಿ ಅದಾಯ್‌ನಲ್ಲಿದೆ, ತಗಡಿನ ಕೆಳಗೆ ಸೋಫಾಗಳ ನಡುವೆ ಇದೆ, ನಾನು ಮುಟ್ಟಿ ನೋಡಿದ್ದೇನೆ ಎಂದೆ. ಜಹ್ರಾ ನಡೆಯುವುದನ್ನು ನಿಲ್ಲಿಸಿದಳು.

ನಡೆದದ್ದು ಇಷ್ಟು. ಪ್ರಯೋಗಾಲಯದ ಕಟ್ಟಡ ಮುಗಿಯುವ ಬಹಳ ಮೊದಲೇ, ಆ ವರ್ಷದ ಅನುದಾನ ಕೈತಪ್ಪಬಾರದೆಂದು ನಾಗಭೂಷಣ್ ಯಂತ್ರ ತರಿಸಿಬಿಟ್ಟಿದ್ದರು. ಅದು ಬಂದಾಗ ಇಡಲು ಕೋಣೆಯಿಲ್ಲ. ಆತುರಪಟ್ಟೆ ಎಂದು ಮೇಲಿನವರಿಗೆ ಒಪ್ಪಿಕೊಳ್ಳಲು ಧೈರ್ಯವಿಲ್ಲ. ಕೋಣೆ ಸಿದ್ಧವಾದ ಮೇಲೆ ತಂದಿಟ್ಟರೆ ಇಷ್ಟು ದಿನ ಎಲ್ಲಿತ್ತು ಎಂಬ ಪ್ರಶ್ನೆ ಬರುತ್ತದೆಂಬ ಹೆದರಿಕೆ. ಹಾಗಾಗಿ ಮೇಲಿನವರಿಗೆ ಬಂದಿಲ್ಲ ಎಂದರು, ನನ್ನಂಥವರಿಗೆ ಬಂದಿದೆ ಎಂದರು. ಎರಡು ಸುಳ್ಳು ಎಲ್ಲೂ ಒಂದಕ್ಕೊಂದು ಭೇಟಿಯಾಗದ ಹಾಗೆ ನೋಡಿಕೊಂಡರು. ಸೂರ್‌ನ ಸಮುದ್ರದ ಮುಂದೆ ಅವು ಭೇಟಿಯಾದವು.

ಜಹ್ರಾ ರಜೆ ಮುಗಿದ ಕೂಡಲೇ ನಿರ್ದೇಶಕರ ಬಳಿ ಹೋಗುತ್ತೇನೆ ಎಂದಳು. ಮೊದಲು ನಾಗಭೂಷಣ್ ಸರ್ ಅವರನ್ನೇ ಕೇಳೋಣ, ನನ್ನ ವೀಸಾ, ನನ್ನ ಗುತ್ತಿಗೆ ಎರಡೂ ಅವರ ಸಹಿಯ ಮೇಲೆ ನಿಂತಿದೆ ಎಂದು ನಾನು ತಡೆದೆ. ವಾರದ ಮೊದಲ ದಿನ ಇಬ್ಬರೂ ಅವರ ಕೋಣೆಗೆ ಹೋದೆವು. ಜಹ್ರಾ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು. ಅವರು ಅವಳತ್ತ ನೋಡಲೇ ಇಲ್ಲ. ನನ್ನತ್ತ ತಿರುಗಿ ಕನ್ನಡಕ್ಕೆ ಇಳಿದರು.

"ಅವಳ್ನ ಯಾಕಮ್ಮ ಇದ್ರೊಳಗೆ ತಂದೆ? ಅವಳಿಗೇನು, ಅವಳ ದೇಶ ಇದು. ನನ್ ಮಗ ಇಲ್ಲಿ ಹನ್ನೆರಡನೇ ಕ್ಲಾಸು. ಈಗ ನನ್ನ ಕೆಲಸ ಹೋದ್ರೆ ಅವನ ಪರೀಕ್ಷೆ ಮುಗಿಯೋ ತನಕ ಇರೋಕೂ ಆಗಲ್ಲ. ನೀನೂ ತಾಯಿ ತಾನೇ?"

ಅವರ ಕಣ್ಣಲ್ಲಿ ನಿಜವಾದ ಭಯವಿತ್ತು. ಅದನ್ನು ನಾನು ಕಂಡೆ, ಇಲ್ಲವೆನ್ನುವುದಿಲ್ಲ. ಆದರೆ ಆ ಕ್ಷಣದಲ್ಲಿ ನನಗೆ ಮೈಯೆಲ್ಲ ಉರಿದದ್ದು ಆ 'ತಾಯಿ' ಎಂಬ ಮಾತಿಗೆ. ಅದೇ ಮಾತು ಹಿಡಿದು ನನ್ನನ್ನು ಕರೆಸಿಕೊಂಡಿದ್ದರು. ಈಗ ಅದನ್ನೇ ಹಿಡಿದು ಬಾಯಿ ಮುಚ್ಚಿಸುತ್ತಿದ್ದರು. ಪಕ್ಕದಲ್ಲಿ ಜಹ್ರಾ ಏನು ಹೇಳಿದರು ಏನು ಹೇಳಿದರು ಎಂದು ಕೇಳುತ್ತಿದ್ದಳು. ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಂದು ಅವಳಿಗೆ ಹೇಳಿದೆ, ಅವರ ಮುಂದೆಯೇ. ಅವರು ತಲೆ ತಗ್ಗಿಸಿ ಕೂತರು. ಕೊನೆಗೆ ಪೆಟ್ಟಿಗೆಯನ್ನು ತಂಪು ಕೋಣೆಗೆ ತರಿಸುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದರು. ಆ ಹುಡುಗನ ಪರೀಕ್ಷೆಯ ಮಾತು ಕೇಳಿದ ಮೇಲೆ ಜಹ್ರಾಳೂ ನಿರ್ದೇಶಕರ ಬಳಿ ಹೋಗಲಿಲ್ಲ. ಒಂದು ಅವಕಾಶ ಕೊಡೋಣ ಎಂದಳು. ಪೆಟ್ಟಿಗೆ ಬಂದದ್ದು ಸೆಪ್ಟೆಂಬರಿನಲ್ಲಿ, ಬೇಯಬೇಕಾದದ್ದೆಲ್ಲ ಬೆಂದ ಮೇಲೆ.

ಇಷ್ಟಕ್ಕೆ ನಿಂತಿದ್ದರೆ ನಾನು ಬಹುಶಃ ನನ್ನ ಗ್ರಹಚಾರ ಎಂದು ಸುಮ್ಮನಾಗುತ್ತಿದ್ದೆ. ಆದರೆ ಮುಂದಿನ ವರ್ಷಕ್ಕೆ ಇನ್ನಷ್ಟು ಪೋಸ್ಟ್‌ಡಾಕ್‌ಗಳು ಬೇಕೆಂದು ಸರ್ ಹೊರಟರು. ಹೆಚ್ಚು ಜನ ಇದ್ದರೆ ಉದ್ಘಾಟನೆಯ ದಿನ ವಿಭಾಗ ತುಂಬಿದ ಹಾಗೆ ಕಾಣುತ್ತದಲ್ಲ. ಮಾಪನ ವಿಜ್ಞಾನ ಮತ್ತು ಸುಧಾರಿತ ವಸ್ತುಗಳಲ್ಲಿ ಸಂಶೋಧನಾ ಅವಕಾಶಗಳು ಎಂಬ ಜಾಹೀರಾತು ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು, ಸಲಕರಣೆ ಇನ್ನೂ ಸ್ಥಾಪನೆಯಾಗಬೇಕಿದೆ ಎಂದು ಬರೆದೆ. ಅವರು ಆ ಸಾಲು ಹೊಡೆದು, ವಿಶ್ವದರ್ಜೆಯ ಸುಸಜ್ಜಿತ ಸೌಲಭ್ಯ ಎಂದು ಸೇರಿಸಿದರು. ಕೆಳಗೆ ವಿಚಾರಣೆಗೆ ಎಂದು ನನ್ನ ಹೆಸರು, ನನ್ನ ಫೋನು.

ಅರ್ಜಿಗಳು ಬಂದವು. ನಮ್ಮಲ್ಲಿಂದ, ಪಾಕಿಸ್ತಾನದಿಂದ, ಈಜಿಪ್ಟಿನಿಂದ. ಒಬ್ಬೊಬ್ಬರ ಅರ್ಜಿಯಲ್ಲೂ ನನ್ನದೇ ಆಸೆ. ಆಯ್ಕೆಯಾದವರಲ್ಲಿ ಹಾಸನದ ಚೈತ್ರಾ ಎಂಬ ಹುಡುಗಿ ಇದ್ದಳು. ಸರ್ ಅವಳೊಡನೆಯೂ ಕನ್ನಡದಲ್ಲಿ ಮಾತಾಡಿದ್ದರು. ಅವಳಿಗೆ ಯಾಕೋ ಇನ್ನೊಮ್ಮೆ ಕೇಳಿಕೊಳ್ಳೋಣ ಅನ್ನಿಸಿ ಜಾಹೀರಾತಿನಲ್ಲಿದ್ದ ನನ್ನ ಸಂಖ್ಯೆಗೆ ಫೋನು ಮಾಡಿದಳು. ನಾನು ಆಫೀಸಿನಿಂದ ಬಂದು ವಸಂತಿ ಅಕ್ಕನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆ.

"ಮೇಡಂ, ನಂಗೆ ಇನ್ನೊಂದು ಕಡೆನೂ ಸಿಕ್ಕಿದೆ. ನಾಳೆ ಒಳಗೆ ಹೇಳ್ಬೇಕು. ಒಂದೇ ಒಂದು ಮಾತು ಕೇಳ್ತೀನಿ. ಅಲ್ಲಿ ಮಷಿನ್ ಓಡ್ತಾ ಇದೆಯಾ?"

ಇನ್ನೊಂದು ಕಡೆ ಯಾವುದು ಎಂದು ಕೇಳಿದೆ. ಹೇಳಿದಳು. ನಾನು ಬೇಡವೆಂದು ಬರೆದಿದ್ದ ಅದೇ ಯುರೋಪಿನ ಪ್ರಯೋಗಾಲಯ.

ನಾನು ಚಹಾದ ಲೋಟ ಕೆಳಗಿಟ್ಟೆ. ಅಕ್ಕ ದೋಸೆಯ ಹಿಟ್ಟು ಕಲಸುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಹೌದು ಎಂದಿದ್ದರೆ ನನ್ನ ಗುತ್ತಿಗೆ ಮುಂದುವರಿಯುತ್ತಿತ್ತು. ಯಂತ್ರ ರಿಪೇರಿಯಾದರೆ ಮುಂದಿನ ವರ್ಷವಾದರೂ ಏನಾದರೂ ಅಳೆಯಬಹುದಿತ್ತು. ಅವಳಿಗೂ ಜೊತೆಗೆ ನಾನಿರುತ್ತಿದ್ದೆ. ಇವೆಲ್ಲ ತಲೆಯಲ್ಲಿ ಹಾದುಹೋದವು.

"ಇಲ್ಲ ಚೈತ್ರಾ," ಎಂದೆ. "ನಾನು ಬಂದ ಮೇಲೆ ಅದನ್ನು ಒಮ್ಮೆಯೂ ಆನ್ ಮಾಡ್ಲಿಲ್ಲ. ಬೇಸಿಗೆಯಲ್ಲಿ ಹಾಳಾಗಿದೆ ಅಂತ ನನ್ನ ಅಂದಾಜು. ನೀನು ಅಲ್ಲಿಗೇ ಹೋಗು."

ಅವಳು ಥ್ಯಾಂಕ್ಸ್ ಹೇಳಲೂ ಮರೆತಳು. ಫೋನಿಟ್ಟ ಮೇಲೆ ವಸಂತಿ ಅಕ್ಕ, "ಸರಿಯೇ ಮಾಡಿದೆ. ಇನ್ನು ಅವರು ನಿನ್ನನ್ನು ಬಿಡುವುದಿಲ್ಲ," ಎಂದು ತುಳುವಿನಲ್ಲಿ ಹೇಳಿ ಮತ್ತೆ ಹಿಟ್ಟಿಗೆ ಕೈ ಹಾಕಿದರು.

ಬಿಡಲಿಲ್ಲ. ಚೈತ್ರಾ ಪಾಪ, ಯಂತ್ರ ಸ್ಥಾಪನೆಯಾಗಿಲ್ಲವೆಂದು ತಿಳಿದ ಕಾರಣ ಬರುತ್ತಿಲ್ಲ ಎಂದು ವಿನಯದಿಂದಲೇ ಬರೆದಿದ್ದಳು. ಸರ್ ನನ್ನನ್ನು ಕರೆದು ನಿಲ್ಲಿಸಿಕೊಂಡೇ ಮಾತಾಡಿದರು. ನಮ್ಮವಳೆಂದು ಕರೆದುಕೊಂಡು ಬಂದೆ, ನೀನು ಬೆನ್ನಿಗೆ ಚೂರಿ ಹಾಕಿದೆ ಎಂದರು. ಗುತ್ತಿಗೆ ಮುಂದುವರಿಯುವುದಿಲ್ಲ, ಉದ್ಘಾಟನೆಯವರೆಗೆ ಇರು, ಆಮೇಲೆ ಹೊರಡು ಎಂದರು. ನನಗೆ ಒಂದೇ ಒಂದು ಆಶ್ಚರ್ಯವಾಗಿತ್ತು. ಆ ಮನುಷ್ಯ ತನಗೆ ಮೋಸವಾಯಿತೆಂದು ಮನಸಾರೆ ನಂಬಿದ್ದರು.

ಅಕ್ಟೋಬರಿನ ಕೊನೆಯಲ್ಲಿ ಸೆಕೆ ಇಳಿಯಿತು. ಬೆಳಿಗ್ಗೆ ಕಿಟಕಿ ತೆರೆಯಬಹುದಿತ್ತು. ಉದ್ಘಾಟನೆಗೆ ಮೊದಲು ಪೆಟ್ಟಿಗೆ ಬಿಚ್ಚಿದರು. ಕಂಪನಿಯ ಇಂಜಿನಿಯರನ್ನು ಕರೆಸಲಿಲ್ಲ, ಬಡಗಿಗಳೇ ಬಿಚ್ಚಿದರು. ವಜ್ರದ ಮೊನೆ ಕೂರುವ ತಲೆಯ ಸುತ್ತ ಅಂಟು ಕರಗಿ, ಕಂದು ಬಣ್ಣದ ಗೆರೆಗಳಾಗಿ ಇಳಿದು ಗಟ್ಟಿಯಾಗಿತ್ತು. ಸ್ಪ್ರಿಂಗುಗಳ ಮೇಲೆ ತುಕ್ಕಿನ ಪುಡಿ. ಸತ್ತ ಹಕ್ಕಿಯನ್ನು ನೋಡಿದ ಹಾಗಾಯಿತು ನನಗೆ. ಜಹ್ರಾ ಬೆರಳ ತುದಿಯಿಂದ ಆ ಅಂಟನ್ನು ಮುಟ್ಟಿ, ಕೈಯನ್ನು ತಾನು ತೊಟ್ಟ ಕಪ್ಪು ನಿಲುವಂಗಿ ಅಬಾಯಾಕ್ಕೆ ಒರೆಸಿಕೊಂಡಳು. ಸರ್ ಬಟ್ಟೆ ತರಿಸಿ ಅದನ್ನೆಲ್ಲ ಒರೆಸಿಸಿದರು. ದೀಪ ಹತ್ತುವ ಹಾಗೆ ವೈರು ಕೊಟ್ಟರು. ಪಕ್ಕದ ಪರದೆಯ ಮೇಲೆ ತಯಾರಕರ ಪ್ರಚಾರದ ವಿಡಿಯೋ ಹಾಕಿಸಿದರು. ದೂರದಿಂದ ನೋಡಿದವರಿಗೆ ಯಂತ್ರ ಕೆಲಸ ಮಾಡುತ್ತಿರುವಂತೆಯೇ ಕಾಣುತ್ತಿತ್ತು.

ಮುಖ್ಯ ಅತಿಥಿ ವಯಸ್ಸಾದವರು, ಪಾದದವರೆಗಿನ ಶುಭ್ರ ಬಿಳಿ ಅಂಗಿ ದಿಶ್ದಾಶಾ, ಮೆದುಮಾತು. ರಿಬ್ಬನ್ ಕತ್ತರಿಸಿದರು. ಹಸಿರು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಇನ್ನೂ ಕೇಳುತ್ತದೆ. ಏನನ್ನೂ ಅಳೆಯಲಾರದ ಯಂತ್ರಕ್ಕೆ ಅಷ್ಟು ಜನ ಓದಿದವರು ಕೈ ತಟ್ಟಿದರು. ನಾಗಭೂಷಣ್ ಅತಿಥಿಯನ್ನು ಮೆಲ್ಲಗೆ ಮುಂದಕ್ಕೆ ಕರೆದೊಯ್ಯಲು ನೋಡಿದರು. ಆದರೆ ಆ ಹಿರಿಯರು ಯಂತ್ರದ ಮುಂದೆಯೇ ನಿಂತು, ಪಕ್ಕದಲ್ಲಿದ್ದ ಜಹ್ರಾಳ ಕಡೆ ತಿರುಗಿ ಅರಬ್ಬಿಯಲ್ಲಿ ಏನೋ ಕೇಳಿದರು. ಇದು ಏನನ್ನು ಅಳೆಯುತ್ತದೆ ಎಂದು ಕೇಳಿದ್ದಂತೆ.

ಜಹ್ರಾ ಮೆಲುದನಿಯಲ್ಲೇ ಉತ್ತರಿಸಿದಳು. ನನಗೆ ಅರಬ್ಬಿ ಬಾರದು. ವಾದಿ ಅದಾಯ್ ಎಂಬ ಹೆಸರು ಕೇಳಿತು. ಆಮೇಲೆ ನನ್ನ ಹೆಸರು, ಪ್ರತಿಮಾ, ಎರಡು ಸಲ. ಸುತ್ತಲಿದ್ದವರು ಯಂತ್ರದ ಕಡೆ ತಿರುಗಿದರು. ನಾಗಭೂಷಣ್ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಇಷ್ಟು ವರ್ಷ ಅಲ್ಲಿದ್ದೂ ಅವರಿಗೂ ಆ ಭಾಷೆ ಅಷ್ಟಕ್ಕಷ್ಟೆ. ಏನಂದಳು ಎಂದು ಕನ್ನಡದಲ್ಲಿ ನನ್ನನ್ನೇ ಕೇಳಿದರು. ಗೊತ್ತಿಲ್ಲ ಸರ್ ಎಂದೆ. ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ಅವಳು ಹೇಳಿದ್ದನ್ನು ಆಮೇಲೆ ನನಗೆ ವಿವರಿಸಿದಳು. ಈ ಯಂತ್ರ ಬೇಸಿಗೆಯಿಡೀ ತಗಡಿನ ಗೋದಾಮಿನಲ್ಲಿ ಬೆಂದಿದೆ, ಈಗ ಇದು ಏನನ್ನೂ ಅಳೆಯುವುದಿಲ್ಲ, ಪ್ರತಿಮಾ ಮೇ ತಿಂಗಳಿನಲ್ಲೇ ಎಚ್ಚರಿಸಿದ್ದಳು, ಅದಕ್ಕೆ ಪ್ರತಿಮಾಳನ್ನು ಊರಿಗೆ ಕಳಿಸುತ್ತಿದ್ದಾರೆ. ಹಿರಿಯರು ಪೂರ್ತಿ ಕೇಳಿ, ನನ್ನ ಕಡೆ ನೋಡಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿದರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು.

ನ್ಯಾಯ ಸಿಕ್ಕಿತು ಎಂದು ಯಾರಾದರೂ ಅಂದುಕೊಳ್ಳುವುದು ಬೇಡ. ವಿಚಾರಣೆ ನಡೆಯಿತು. ನಾಗಭೂಷಣ್ ಅವರಿಗೆ ಮಗನ ಪರೀಕ್ಷೆ ಮುಗಿಯುವವರೆಗೆ ಇರಲು ಬಿಟ್ಟರು. ಆಮೇಲೆ ಅವರು ಗಲ್ಫಿನ ಇನ್ನೊಂದು ದೇಶದಲ್ಲಿ ಇನ್ನೂ ದೊಡ್ಡ ಹುದ್ದೆಗೆ ಹೋದರು. ನನ್ನ ಗುತ್ತಿಗೆ ಮಾತ್ರ ಹೇಳಿದ ದಿನಕ್ಕೇ ಮುಗಿಯಿತು. ಅದನ್ನು ಮುಂದುವರಿಸಲು ವಿಭಾಗದ ಮುಖ್ಯಸ್ಥರೇ ಸಹಿ ಹಾಕಬೇಕಂತೆ. ಬೇರೆ ಯಾರೂ ಹಾಕುವ ಹಾಗಿಲ್ಲವಂತೆ. ನಿರ್ದೇಶಕರು ತುಂಬ ವಿಷಾದವಾಯಿತು ಎಂದು ಜಹ್ರಾಳ ಕೈಯಲ್ಲಿ ಹೇಳಿ ಕಳಿಸಿದರು. ಅವರ ವಿಷಾದ ಇಟ್ಟುಕೊಂಡು ನಾನೇನು ಮಾಡಲಿ? ನನ್ನ ಮಾದರಿಗಳನ್ನು ಜಹ್ರಾಳಿಗೇ ಕೊಟ್ಟೆ. ಅವಳು ವಿಮಾನ ನಿಲ್ದಾಣಕ್ಕೆ ಬಿಡಲು ಬಂದವಳು ದಾರಿಯುದ್ದಕ್ಕೂ ಅತ್ತಳು. ನನಗೆ ಅಳು ಬರಲಿಲ್ಲ. ಜುಲೈಯಲ್ಲೇ ಅವಳನ್ನು ತಡೆಯದೆ ಬಿಟ್ಟಿದ್ದರೆ ಆ ಯಂತ್ರ ಉಳಿಯುತ್ತಿತ್ತೋ ಏನೋ. ಆದರೆ ನಾನು ತಡೆದದ್ದು ಯಾಕೆ? ಒಬ್ಬ ಮನುಷ್ಯನ ಒಂದು ಸಹಿಗೆ ನನ್ನ ಇಡೀ ಬದುಕನ್ನು ಕಟ್ಟಿಹಾಕಿದವರು ಯಾರು? ಈ ಪ್ರಶ್ನೆ ಕೇಳಿಕೊಂಡಾಗಲೆಲ್ಲ ಸಿಟ್ಟು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮಂಗಳೂರಿನಲ್ಲಿ ಇಳಿದಾಗ ನಿಧಿ ಅಪ್ಪನ ಕಾಲಿನ ಹಿಂದೆ ಅಡಗಿದಳು. ಮುಂದಿನ ಹಲ್ಲು ಬಿದ್ದಿತ್ತು. ಅದು ಬಿದ್ದ ದಿನ ನಾನು ಯಾರಿಗೋ ಖಾಲಿ ಮೇಜು ತೋರಿಸುತ್ತಿದ್ದಿರಬೇಕು.

ಪೋಸ್ಟ್‌ಡಾಕ್‌ನ ಗಡುವು ದಾಟಿತು. ಮತ್ತೆ ಎಲ್ಲಿಯೂ ನನಗೆ ಅರ್ಜಿ ಹಾಕುವ ಅರ್ಹತೆ ಇರಲಿಲ್ಲ. ಈಗ ಊರಿನ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಯಂತ್ರದ ತಲೆ ಬದಲಾದ ಮೇಲೆ ಜಹ್ರಾ ನನ್ನ ಮಾದರಿಗಳನ್ನು ಅಳೆದು ಫಲಿತಾಂಶ ಕಳಿಸಿದಳು. ಪ್ರಬಂಧದಲ್ಲಿ ನನ್ನ ಹೆಸರನ್ನೇ ಮೊದಲು ಹಾಕಿದಳು. ಒಳ್ಳೆಯ ಅಳತೆಗಳು. ನನ್ನ ಕೈಯಿಂದ ಆಗಬೇಕಿದ್ದವು. ಚೈತ್ರಾ ಯುರೋಪಿನಿಂದ ಒಮ್ಮೊಮ್ಮೆ ಫೋನು ಮಾಡುತ್ತಾಳೆ. ಅವಳ ಕೆಲಸ ಕೇಳಿ ಖುಷಿಯಾಗುತ್ತದೆ. ಫೋನಿಟ್ಟ ಮೇಲೆ ನಾನು ಅಂಗಳಕ್ಕೆ ಇಳಿದು, ಆಗಲೇ ನೀರು ಬಿಟ್ಟ ಗಿಡಗಳಿಗೇ ಮತ್ತೆ ನೀರು ಬಿಡುತ್ತೇನೆ. ಮನೆಯವರಿಗೆ ಅದು ಅಭ್ಯಾಸವಾಗಿದೆ.

ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಪಿಎಚ್‌ಡಿ ಮುಗಿಯುವ ಹೊತ್ತಿಗೆ ಜಾಹೀರಾತುಗಳನ್ನು ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಾರೆ. ಮೇಡಂ, ಇಲ್ಲಿಗೆ ಹಾಕಲಾ, ಅಲ್ಲಿಗೆ ಹಾಕಲಾ ಎಂದು ಕೇಳುತ್ತಾರೆ. ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ಮುಖ್ಯಸ್ಥರು ಎಷ್ಟು ಚಂದ ಮಾತಾಡಿದರೂ ಒಪ್ಪಬೇಡಿ. ಅಲ್ಲಿ ಈಗ ಕೆಲಸ ಮಾಡುತ್ತಿರುವವರ ಹೆಸರು ಹುಡುಕಿ ಫೋನು ಮಾಡಿ, ಹೋದ ವಾರ ನೀವು ಏನನ್ನು ಅಳೆದಿರಿ ಎಂದು ಕೇಳಿ.

ಮೊನ್ನೆ ಬೆಳ್ತಂಗಡಿಯ ಹುಡುಗಿಯೊಬ್ಬಳು ಇದನ್ನು ಕೇಳಿ ಅನುಮಾನದಿಂದ ನಿಂತಳು.

"ಹಾಗೆಲ್ಲ ಕೇಳಿದ್ರೆ ಅವರಿಗೆ ಬೇಜಾರಾಗ್ತದಲ್ಲ ಮೇಡಂ?"

"ಆಗ್ಲಿ," ಎಂದೆ.